ಉಪವಾಸದ ಕಾಲದ ಕೂಸು

ಹೊನ್ನಾವರ
ತಾ. ೨ನೇ ಮಾರ್ಚ್ ೧೯೬೨, ಶುಕ್ರವಾರ

ಅನ್ನಿಯ ಅಪ್ಪನಿಗೆ ಕಾರ್ಮಿಣ್ ಮಾಡುವ ಪ್ರೀತಿಯ ನಮಸ್ಕಾರಗಳು.

ತೀರಿಹೋದ ಕೂಸಿನ ಹೆಸರು ಹಿಡಿದು ಗಂಡನನ್ನು ಕರೆಯಬಾರದು ಎಂದು ನಿಮ್ಮ ಅಮ್ಮ, ನಮ್ಮ ಮಾಂಯ್, ಹೇಳುತ್ತಾರೆ. ಅವರ ಮಾತು ಮೀರಬೇಕೆಂದಲ್ಲ. ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ, ಬೇರೆ ಹೇಗೆ ಕರೆಯಲಿ? ಆರೋಗ್ಯ ಹೇಗಿದೆ? ಉಳಿ ತಾಗಿದ್ದ ಹೆಬ್ಬೆರಳು ಮಾಯಿತೇ? ಒಣಮೀನು ಮಾರಲು ಭಟ್ಕಳಕ್ಕೆ ಹೋಗಿ ಬರುವ ದಾಸ ನಿಮ್ಮನ್ನು ದೋಣಿ ಕಟ್ಟುವ ಚಪ್ಪರದಲ್ಲಿ ನೋಡಿದನಂತೆ. "ಬಾಯಮ್ಮಾ, ಇನಾಸ ಪೂರಾ ಸೊರಗೋಗಾನೆ. ಗಂಜಿಗೆ ಉಪ್ಪಿನಕಾಯಿನೂ ಮುಟ್ಟೂದಿಲ್ಲ, ಬರೀ ಹಲಗಿ ಮೇಲೆ ಮಲಗ್ತಾನೆ" ಎಂದ. ಅವನು ಹಾಗೆಂದಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಕಿ ತೊಳೆದು ಒಲೆಗಿಡಲು ಮರೆಯುತ್ತೇನೆ. ನೀರಿಗೆ ಹೋಗಿ ಕೊಡವನ್ನು ಬಾವಿಕಟ್ಟೆಯಲ್ಲೇ ಬಿಟ್ಟು ಬರುತ್ತೇನೆ. ಮಾಂಯ್ ಗಟ್ಟಿಯಾಗಿದ್ದಾರೆ. ಸಂಜೆ ಜಪಮಾಲೆ ಹೇಳುವಾಗ ನಾನು ಒಂದು ಮಣಿ ತಪ್ಪಿಸಿದರೂ ಅವರಿಗೆ ತಿಳಿಯುತ್ತದೆ, ಕೆಮ್ಮುತ್ತಾರೆ.

ಮನೆಯಲ್ಲಿ ಕೊಂಕಣಿ ಆಡುವ ನಾನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಪ್ರಾರ್ಥನೆ ಮಾಡುವುದು, ಪಾದ್ರಿಗಳ ಮುಂದೆ ಪಾಪ ಹೇಳಿಕೊಳ್ಳುವುದು, ಮಾಂಯ್ ಬೈಯುವುದು ಎಲ್ಲ ಆ ಮಾತಿನಲ್ಲೇ. ಅದರಲ್ಲಿ ಇದನ್ನು ಬರೆಯಲು ಕೂತರೆ ಯಾರೋ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸುತ್ತದೆ. ಶಾಲೆಯಲ್ಲಿ ಕಲಿತ ಮಾತಾದರೆ ಸ್ವಲ್ಪ ಧೈರ್ಯ.

ಜನವರಿಯಲ್ಲಿ ಹೊರಗಿನಿಂದ ಬಂದ ಪಾದ್ರಿಗಳು ಗಂಡಸರನ್ನು ಬೇರೆ ಕೂರಿಸಿ ವ್ಯಭಿಚಾರ ಮಾಡಬೇಡ ಎಂಬ ಆರನೆಯ ಆಜ್ಞೆಯ ಮೇಲೆ ಪ್ರಸಂಗ ಮಾಡಿದರಲ್ಲ, ಆ ಸಂಜೆ ನೀವು ಊಟ ಮಾಡಲಿಲ್ಲ. ಚಾಪೆ ಸುತ್ತಿಕೊಂಡು ಜಗಲಿಗೆ ಹೋದಿರಿ. ಅನ್ನಿಯನ್ನು ಮಣ್ಣು ಮಾಡಿ ಒಂದು ತಿಂಗಳೂ ಆಗಿರಲಿಲ್ಲ. ದುಃಖ ತಡೆಯಲಾಗುತ್ತಿಲ್ಲ, ಒಬ್ಬರೇ ಇರಲಿ ಎಂದು ನಾನೂ ಸುಮ್ಮನಾದೆ. ಅದೇ ವಾರ, ಭಟ್ಕಳದ ಸಾಹೇಬರೊಬ್ಬರ ದೋಣಿ ಕಟ್ಟುವ ಕೆಲಸ ಒಪ್ಪಿಕೊಂಡಿದ್ದೇನೆ ಎಂದು ಹತ್ಯಾರದ ಚೀಲ ಹೆಗಲಿಗೆ ಹಾಕಿಕೊಂಡಿರಿ. ಹೊಳೆ ದಾಟುವ ತಾರಿಯವರೆಗೆ ನಿಮ್ಮ ಹಿಂದೆ ಬಂದೆ. ತಾರಿದೋಣಿಗೆ ಕಾಲಿಡುವಾಗ ತಿರುಗಿ ಹೇಳಿದಿರಿ: "ಕರೇಜ್ಮೆಯ ನಲವತ್ತು ದಿನದ ಉಪವಾಸದಲ್ಲಿ ಬಸಿರಾದ ಕೂಸು ಅದು, ಕಾರ್ಮಿಣ್. ನಮ್ಮ ಆಸೆಗಾಗಿ ದೇವರು ಅದನ್ನು ತೆಗೆದುಕೊಂಡ." ದೋಣಿ ಹೊರಟೇಹೋಯಿತು. ಮೀನಿನ ಬುಟ್ಟಿಯವರು, ಕಚೇರಿಗೆ ಹೋಗುವವರು, ಅಷ್ಟು ಜನರ ನಡುವೆ ನಾನು ದಡದಲ್ಲಿ ನಿಂತು ಏನೆಂದು ಕೂಗಲಿ?

ನೀವು "ನಮ್ಮ ಆಸೆ" ಎಂದಿರಿ. ನಡೆದದ್ದು ನನಗೆ ಗೊತ್ತು, ನಿಮಗೂ ಗೊತ್ತು. ಹೋದ ವರ್ಷದ ಆ ಶುಕ್ರವಾರ ಮಾಂಯ್ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಇಗರ್ಜಿಗೆ ಹೋಗಿದ್ದರು. ನೀವು ಹಿತ್ತಲಲ್ಲಿ ಮರ ಕೊಯ್ದು ಒಳಗೆ ಬಂದಿರಿ. ನಾನು ನಿಮ್ಮ ಬೆನ್ನಿಗೆ ಅಂಟಿದ್ದ ಮರದ ಹೊಟ್ಟು ಒರೆಸಿದೆ. ಒರೆಸಿ ಆದಮೇಲೂ ಕೈ ತೆಗೆಯಲಿಲ್ಲ. "ಬೇಡ, ಇವು ಉಪವಾಸದ ದಿನ" ಎಂದವರು ನೀವು. ನನ್ನ ತಪ್ಪನ್ನು ಅರ್ಧ ಹೊರಲು "ನಮ್ಮ" ಎಂದಿರಿ, ಅದೇ ನನ್ನನ್ನು ತಿನ್ನತೊಡಗಿತು. ಭಾನುವಾರ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಮುಂದೆ ಹೋದರೆ ನಾನು ಕಂಬದ ಹಿಂದೆ ಮೊಣಕಾಲೂರಿಕೊಂಡೇ ಇರುತ್ತಿದ್ದೆ. ಅನ್ನಿಯ ಸಮಾಧಿಗೆ ಮೇಣದಬತ್ತಿ ತೆಗೆದುಕೊಂಡು ಹೋದರೆ ಹಚ್ಚಲು ಆಗುತ್ತಿರಲಿಲ್ಲ. ಕೊಂದವಳೇ ಬಂದು ದೀಪ ಹಚ್ಚುವುದೇ ಎಂದು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ವಾಪಸು ಬರುತ್ತಿದ್ದೆ.

ಹೆರಿಗೆ ಮಾಡಿಸಿದ ಗಂಗೆ ಒಂದು ದಿನ ಬಾವಿಯ ಹತ್ತಿರ ಹಿಡಿದು ನಿಲ್ಲಿಸಿದಳು. "ಎಂತ ಆತೆ ನಿಂಗೆ? ಇಷ್ಟು ಒಣಗಿದ್ಯಲೆ?" ಎಂದಳು. ತಾರಿಯಲ್ಲಿ ನೀವು ಅಂದದ್ದನ್ನು ಬಾಯಿ ತಪ್ಪಿ ಹೇಳಿಬಿಟ್ಟೆ, ಆ ಶುಕ್ರವಾರದ ಸಂಗತಿ ಬಿಟ್ಟು. ಅವಳು ಕೊಡ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ನಮ್ಮ ತಿಮ್ಮಿ ಕೂಸೂ ಅದೇ ತಿಂಗಳು ಹಾಂಗೇ ಸೆಟೆದು ಹೋತು. ನಮಗೆಂತ ನಿಮ್ಮ ಉಪಾಸ ಇತ್ತೆ? ಅದು ಸೆಳವಿನ ಬೇನೆ ಮಾರಾಯ್ತಿ" ಎಂದಳು. ಮನೆಗೆ ಬರುವವರೆಗೆ ಹೌದು ಅನ್ನಿಸಿತು. ಬಂದು ಒಲೆಯ ಮುಂದೆ ಕೂತರೆ, ಅವರ ದೇವರು ಬೇರೆ, ನಮಗಿರುವ ಆಜ್ಞೆ ಬೇರೆ ಎಂದು ಮತ್ತೆ ಅಲ್ಲಿಂದಲೇ ಶುರು.

ಕೊನೆಗೆ ಮೊನ್ನೆ ಬುಧವಾರ ನಮ್ಮ ಇಗರ್ಜಿಯ ಹಿರಿಯ ಪಾದ್ರಿಗಳ ಹತ್ತಿರ ಹೋದೆ. ಅವರು ಬಸಳೆ ಚಪ್ಪರಕ್ಕೆ ಕೋಲು ಕೊಡುತ್ತಿದ್ದರು. ಅಲ್ಲೇ ನಿಂತು ಕೇಳಿದೆ: "ಪಾದ್ರಿಗಳೇ, ಹೆಂಡತಿಗೆ ಗಂಡ ಬೇಕು ಅನ್ನಿಸಿದರೆ ಪಾಪವೇ?" ಅವರ ಕಿವಿ ಕೆಂಪಾಯಿತು. ಶನಿವಾರ ಪಾಪನಿವೇದನೆಗೆ ಬಾ ಎಂದು ಚಪ್ಪರದ ಆ ಕಡೆಗೆ ಹೋದರು. ನಾನೂ ಆ ಕಡೆಗೆ ಹೋದೆ. ಇಂಥ ಧೈರ್ಯ ನನಗೆಲ್ಲಿಂದ ಬಂತೋ ಕಾಣೆ. ಎಲ್ಲ ಹೇಳಿದೆ, ಶುಕ್ರವಾರವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಬಳ್ಳಿಯ ತುದಿಯನ್ನು ಕೋಲಿಗೆ ಸುತ್ತಿದರು.

"ನಿಮ್ಮಿಬ್ಬರ ಕೈ ಕೂಡಿಸಿದ್ದು ಯಾರು?" ಎಂದು ಕೇಳಿದರು.

"ನೀವೇ" ಎಂದೆ.

"ಒಬ್ಬರಿಗೊಬ್ಬರು ಬೇಕಾಗಿರಿ ಅಂತಲೇ ಕೂಡಿಸಿದ್ದು. ಪರರ ಹೆಂಡತಿಯನ್ನು ಆಸೆಗಣ್ಣಿಂದ ನೋಡಬೇಡ ಅಂತ ಆಜ್ಞೆ ಇರುವುದು, ನಿನ್ನ ಹೆಂಡತಿಗೆ ಹೆದರಿ ಓಡು ಅಂತ ಅಲ್ಲ. ವ್ರತ ತಪ್ಪಿತೇ, ತಪ್ಪಿತು. ಕ್ಷಮೆ ಕೇಳು, ಕೊಡುತ್ತಾನೆ, ಅಲ್ಲಿಗೆ ಆಯಿತು. ಅಷ್ಟಕ್ಕೆ ತೊಟ್ಟಿಲಿನ ಕೂಸನ್ನು ಕಿತ್ತುಕೊಳ್ಳುವ ದೇವರಿಗೆ ನಾನು ಇಷ್ಟು ವರ್ಷ ಪೂಜೆ ಮಾಡಿಲ್ಲ ಮಗಳೇ." ಆಮೇಲೆ ದನಿ ಇಳಿಸಿ, "ಆ ಪ್ರಸಂಗದವರನ್ನು ಕರೆಸಿದ್ದು ನಾನು. ಮಕ್ಕಳನ್ನು ಮಣ್ಣು ಮಾಡಿದವರೂ ಎದುರಿಗೆ ಕೂತಿರುತ್ತಾರೆ ಅಂತ ಅವರಿಗೆ ಮೊದಲೇ ಹೇಳಬೇಕಿತ್ತು" ಎಂದರು. ಕೈ ತೊಳೆದು ಬಂದು ಇಗರ್ಜಿಯೊಳಗೆ ಜಾಲರಿಯ ಹಿಂದೆ ಕೂತು ಪಾಪಕ್ಷಮೆಯ ಲತೀನ್ ಮಾತುಗಳನ್ನು ಹೇಳಿದರು. ಪ್ರಾಯಶ್ಚಿತ್ತ ಏನು ಎಂದು ಕೇಳಿದೆ. "ಇನಾಸನಿಗೆ ಕಾಗದ ಬರೆ" ಎಂದರು.

ಹಾಗೆಂದು ಪ್ರಾಯಶ್ಚಿತ್ತಕ್ಕಾಗಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಕ್ಷಮೆ ಸಿಕ್ಕಿತು, ನಿದ್ರೆ ಮಾತ್ರ ಇನ್ನೂ ಸಿಕ್ಕಿಲ್ಲ. ಬೇಲಿಯ ಗೇಟು ಕಿರುಗುಟ್ಟಿದರೆ ನೀವೆಂದು ಎದ್ದು ಹೋಗಿ ನೋಡುತ್ತೇನೆ, ಯಾರದೋ ದನ. ಇನ್ನೊಂದು ಮಾತು ಹೇಳಲೇ? ಪಾಪ ಹೋದಮೇಲೂ ನಿಮ್ಮ ಮೇಲಿನ ಆಸೆ ಹೋಗಿಲ್ಲ. ಅದೇ ಪಾಪವಾಗಿದ್ದರೆ ಅದೂ ಹೋಗಬೇಕಿತ್ತಲ್ಲ? ನೀವು ಅಲ್ಲಿ ಹಲಗೆಯ ಮೇಲೆ ಮಲಗಿ ಮೈ ದಂಡಿಸಿಕೊಳ್ಳುತ್ತೀರಿ, ನಾನು ಇಲ್ಲಿ ಗೋಡೆ ನೋಡುತ್ತ ಕೂರುತ್ತೇನೆ. ಅನ್ನಿ ಹೋದಮೇಲೆ ನಾವಿಬ್ಬರೂ ಒಮ್ಮೆಯಾದರೂ ಒಟ್ಟಿಗೆ ಕೂತು ಅತ್ತಿದ್ದೇವೆಯೇ? ಅಪರಾಧ ಯಾರದು ಎಂದು ಹುಡುಕುವುದರಲ್ಲಿ ಅದೊಂದು ಉಳಿದೇಹೋಯಿತು. ಬರುವ ಬುಧವಾರದಿಂದ ಕರೇಜ್ಮೆ. ಈ ಸಲದ ಉಪವಾಸವನ್ನು ಒಂದೇ ಮನೆಯಲ್ಲಿ ಹಿಡಿಯೋಣ. ಬೇಕಾದರೆ ನೀವು ಜಗಲಿಯಲ್ಲೇ ಮಲಗಿ, ನಾನು ಎಂತದೂ ಹೇಳುವುದಿಲ್ಲ. ಆ ದಿನ ಹಣೆಗೆ ಬೂದಿ ಹಚ್ಚಿಸಿಕೊಳ್ಳುವಾಗ ನೀವು ನನ್ನ ಪಕ್ಕದಲ್ಲಿದ್ದರೆ ಸಾಕು.

ಮಾತೆ ಮರಿಯಮ್ಮ ನಿಮ್ಮ ಕೈಗೂ ಉಳಿಗೂ ಕಾವಲಿರಲಿ. ದೋಣಿ ಕೆಲಸದ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮವಳೇ ಆದ
ಕಾರ್ಮಿಣ್

ತಾ. ಕ.: ದಾಸ ಬುಟ್ಟಿ ಹೊತ್ತುಕೊಂಡು ಅಂಗಳದಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಮಾಂಯ್ ಬಂದು ಇಷ್ಟುದ್ದ ಎಂತ ಬರೆದೆ ಎಂದು ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ. ತಾರಿಯಲ್ಲಿ ನೀವು ಆಡಿದ ಮಾತನ್ನು ಹೇಳಿದೆ. ಮಾಂಯ್ ಶಿಲುಬೆಯ ಗುರುತು ಮಾಡಿಕೊಂಡರು. ನನಗೆ ಬೈಗುಳ ಬಂತೆಂದೇ ತಲೆ ತಗ್ಗಿಸಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದರು: "ಅವನು ಹುಟ್ಟಿದ್ದು ಡಿಸೆಂಬರಿನಲ್ಲಿ, ನಾತಾಲ್ ಹಬ್ಬದ ಹಿಂದಿನ ವಾರ. ಬೆರಳು ಮಡಚಿ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಲಿಕ್ಕೆ ಹೇಳು. ಅವನ ಅಪ್ಪನೂ ನಾನೂ ಅವನಿಗಾಗಿ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಮನೆಗೆ ಬರಲಿ." ಒಂದಕ್ಷರ ಬಿಡದೆ ಬರೆ ಎಂದು ಇಲ್ಲೇ ನನ್ನ ಹೆಗಲ ಹತ್ತಿರ ನಿಂತಿದ್ದಾರೆ.