ಕಿವಿಯಲ್ಲಿ ಹೇಳುವ ಹೆಸರು

ಇನ್ನೂ ಹೊಟ್ಟೆಯೊಳಗೇ ಆರಾಮಾಗಿರುವ ನನ್ನ ಅಳಿಯರಾಯನಿಗೆ,

ನಾನು ನಿನ್ನ ಸೋದರತ್ತೆ, ನಿನ್ನಪ್ಪ ಕೇದಾರನ ಅಕ್ಕ. ನೀನು ಗಂಡೆಂದು ಇಲ್ಲಿಯ ಡಾಕ್ಟರೇ ಹೇಳಿಬಿಟ್ಟಿದ್ದಾರೆ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ನಮ್ಮ ಕಡೆ ಅತ್ತೆಯ ಹಕ್ಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದುತ್ತಾರೆ. ವೆಲ್ಲಿಂಗ್ಟನ್ನಿನ ಈ ಜಾನ್ಸನ್‌ವಿಲ್ ಬಡಾವಣೆಯಲ್ಲೂ ಗುದ್ದಲು ಸಾಕಷ್ಟು ಜನರಿದ್ದಾರೆ, ಗುಗ್ಗರಿಗೆ ಕಡಲೆಯೂ ಬಂದಿದೆ. ಆ ಹಕ್ಕನ್ನೇ ನಿನ್ನಪ್ಪ ಕಸಿದುಕೊಳ್ಳಲು ನೋಡಿದ.

"ಅಕ್ಕಾ, ಲಿಯೋ ಅಂತ ಇಟ್ಟಬಿಡೂಣ. ಇಲ್ಲಿಯವ್ರ ನಾಲಿಗಿಗೆ ಹಗೂರ ಆಗ್ತದ," ಎಂದ. ನಾನು ನಿನ್ನಜ್ಜ ಗದಿಗೆಪ್ಪನವರ ಹೆಸರು ಎತ್ತಿದೆ. ಅವನು ಎದ್ದು ಹೊರಗೆ ಹೋದ. ಹೋದ ವರ್ಷ ಅಪ್ಪ ತೀರಿಕೊಂಡಾಗಿನಿಂದ ಅವನು ಆ ಹೆಸರನ್ನು ಬಾಯಿಗೆ ತಂದಿಲ್ಲ. ಸುಮ್ಮನಿರು ಎಂದು ನಿನ್ನಮ್ಮ ಸ್ನೇಹಲ್ ಕಣ್ಣಲ್ಲೇ ಹೇಳಿದಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಇಲ್ಲಿಯ ಹೈಸ್ಕೂಲಿನಲ್ಲಿ ಗ್ರೀಕರ, ರೋಮನ್ನರ ಪಾಠ ಹೇಳಿ ಬದುಕುವವಳು ನಾನು. ಪಾಠದಲ್ಲಿ ದಾಮೋನ್ ಎಂಬ ಗ್ರೀಕ್ ಸಾಹುಕಾರ ಬರುತ್ತಾನೆ. ಕಣ್ಣು ಹಾಯುವವರೆಗೆ ಆಲಿವ್ ತೋಟ, ಮನೆ ತುಂಬ ಆಳುಕಾಳು. ಊರನ್ನು ಆಳುವವರು ಮಾತ್ರ ರೋಮನ್ನರು. ಅವರ ಪೌರತ್ವ ಸಿಕ್ಕಾಗ ಚಕ್ರವರ್ತಿಯ ಮನೆತನದ ಹೆಸರನ್ನು ಮುಂದೆ ಹಚ್ಚಿಕೊಂಡು ಟೈಬೀರಿಯಸ್ ಕ್ಲಾಡಿಯಸ್ ದಾಮೋನ್ ಆದ. ತನ್ನದನ್ನು ಬಿಡಲಿಲ್ಲ, ಕೊನೆಗೆ ಇಟ್ಟುಕೊಂಡ. ಊಟಕ್ಕೆ ಏಳಿ ಎಂದು ಹೆಂಡತಿ ಕರೆದದ್ದು ಆ ಕೊನೆಯ ಹೆಸರಿನಿಂದಲೇ ಇರಬೇಕು. ಮಗನನ್ನು ರೋಮಿಗೆ ಕಳಿಸಿ ದೊಡ್ಡ ಅಧಿಕಾರಿ ಮಾಡಿದ. ಮೊಮ್ಮಗ ಹುಟ್ಟಿದಾಗ ಗ್ರೀಕರ ಪದ್ಧತಿಯಂತೆ ಅಜ್ಜನ ಹೆಸರೇ ಬಂತು, ಮತ್ತೊಬ್ಬ ದಾಮೋನ್. ಹಾಗಾದರೆ ಇವರು ಗ್ರೀಕರೋ ರೋಮನ್ನರೋ ಎಂದು ತರಗತಿಯಲ್ಲಿ ನಿಖಿತಾ ಎಂಬ ಹುಡುಗಿ ಕೇಳಿದಳು. ಎರಡೂ ಹೌದು, ಅದರಲ್ಲಿ ಅವರಿಗೇನೂ ಗೊಂದಲವಿರಲಿಲ್ಲ ಎಂದೆ.

ಇದನ್ನೆಲ್ಲ ನಿನ್ನಪ್ಪನಿಗೂ ಹೇಳಿದೆ. "ನಿನ್ನ ಗ್ರೀಕ್ ಸಾಹುಕಾರನ್ನ ನಮ್ಮ ತೊಟ್ಲದ ಹತ್ರ ಯಾಕ ತರ್ತಿ?" ಎಂದು ರೇಗಿದ. ರೇಗಲಿ. ಲಿಯೋ ಮುಂದಿರಲಿ, ಅಜ್ಜನ ಹೆಸರು ಕೊನೆಗಿರಲಿ, ನನಗೇನೂ ಬೇಸರವಿಲ್ಲ. ಶಾಲೆಯಲ್ಲಿ ನಾನೂ ಮಿಸ್ ಮೆಲ್. ಅದರಿಂದ ನನ್ನೊಳಗಿನ ಮಲ್ಲವ್ವ ಎಲ್ಲಿಗೂ ಓಡಿಹೋಗಿಲ್ಲ.

ಇವತ್ತು ಬೆಳಿಗ್ಗೆ ಅವನೇ ಫೋನ್ ಮಾಡಿದ. ವೆಲ್ಲಿಂಗ್ಟನ್ನಿನ ಗಾಳಿಯನ್ನು ಮನಸಾರೆ ಬೈದ. ಆಮೇಲೆ ಕೇಳಿದ: "ಅಕ್ಕಾ, ಗದಿಗೆಪ್ಪ ಅಂತ ಕಿವ್ಯಾಗ ಹೇಳೂಮುಂದ ಸ್ವಲ್ಪ ಜೋರಾಗಿ ಹೇಳ್ತೀಯೇನು? ನನಗೂ ಕೇಳ್ಬೇಕು."

ಅದಕ್ಕೇ ಹೇಳಿಡುತ್ತಿದ್ದೇನೆ, ಆ ದಿನ ಅತ್ತೆ ಕಿವಿಯಲ್ಲಿ ಕೂಗಿದಳೆಂದು ಅಳಬೇಡ.

ಸುಖವಾಗಿ ಬಾ, ಅಜ್ಜನಂತೆ ತುಂಬಾ ವರ್ಷ ಬಾಳು.

ಬೆನ್ನು ಗಟ್ಟಿಮಾಡಿಕೊಂಡು ಕಾದಿರುವ ನಿನ್ನ ಅತ್ತೆ,
ಮಲ್ಲವ್ವ