ಆ ಊರು ನಮಗೆ ಬೇಡ

ರೀ,

ಆಸ್ಪತ್ರೆ ಡ್ಯೂಟಿಗೆ ಹೊರಟೆ. ಮಾವನವರಿಗೆ ಮಾತ್ರೆ ಕೊಟ್ಟಾಗಿದೆ. ಅವರ ಹಾಸಿಗೆ ಬಟ್ಟೆ ನೆನೆಹಾಕಿದ್ದೇನೆ, ಮರೆಯದೆ ಹಿಂಡಿ ಹರವಿ. ಆ ಊರಿನ ಹೊಸ ಬೇಕರಿ ಯಜಮಾನರಿಗೆ, ಕೆಲಸಕ್ಕೆ ಬರುತ್ತೀರೋ ಇಲ್ಲವೋ ಎಂದು ನೀವು ಇವತ್ತು ಉತ್ತರ ಹೇಳಬೇಕಲ್ಲ, ಅದಕ್ಕೇ ಇದನ್ನು ಬರೆದಿಟ್ಟೆ.

ನಿನ್ನೆ ಆ ಊರಿನಲ್ಲಿ ನೋಡಿದ ಮನೆ ಚೆನ್ನಾಗಿಯೇ ಇದೆ. ಗಾಳಿ ಬೆಳಕಿಗೆ ಕೊರತೆಯಿಲ್ಲ, ನಲ್ಲಿ ತಿರುಗಿಸಿದರೆ ನೀರೂ ಧೋ ಎಂದು ಬಂತು. ಹೊರಗೆ ಬಂದರೆ ಪಕ್ಕದ ಮನೆಯಾಕೆ ಎದುರು ಸಾಲಿನಿಂದ ಕೊಡ ಹೊತ್ತು ತರುತ್ತಿದ್ದಳು.

"ಮನೆ ನೋಡೋಕೆ ಬರ್ತೀರ ಅಂತ ಟ್ಯಾಂಕ್ ತುಂಬಿಸಿಟ್ಟಿದ್ದಾರೆ ಕಣಮ್ಮ. ನಮ್ಮ ಸಾಲಿನವರು ಕೌನ್ಸಿಲರ್‌ಗೆ ವೋಟು ಹಾಕಲಿಲ್ಲ ಅಂತ ಎಲೆಕ್ಷನ್ ಆದಾಗಿಂದ ನೀರೇ ಬಿಟ್ಟಿಲ್ಲ" ಅಂದಳು.

"ಯಾರು ರಾಜ್ಯ ಆಳಿದ್ರೂ ನಾವು ಹಿಟ್ಟು ನಾದೋದು ತಪ್ಪುತ್ತಾ?" ಅನ್ನುತ್ತೀರಲ್ಲ, ಹಿಟ್ಟು ನಾದುವುದಕ್ಕೂ ನೀರು ಬೇಕು.

ಎದುರು ಸಾಲಿನಲ್ಲೂ ಒಂದು ಮನೆ ಖಾಲಿಯಿದೆ. ಅಲ್ಲಿ ನೀರು ಬರುತ್ತದೆ, ಆದರೂ ಬೇಡ. ಬರುವುದಿಲ್ಲವೆಂದು ಯಜಮಾನರಿಗೆ ಹೇಳಿಬಿಡಿ. ಮಾವನವರ ಬಟ್ಟೆ ದಿನವೂ ಒಗೆಯಬೇಕಾದವಳು ನಾನು. ಅಲ್ಲಿ ನಾಲ್ಕು ದಿನ ಇದ್ದರೆ ನೀರು ನಿಲ್ಲಬಾರದೆಂದು ನಾನೂ ಬಾಯಿಮುಚ್ಚಿಕೊಂಡು ಆ ಕೌನ್ಸಿಲರ್‌ಗೇ ವೋಟು ಹಾಕಿಬಿಡುತ್ತೇನೆ. ನನಗೆ ಹೆದರಿಕೆ ಅದೇ.