ಆಡುವುದಿಲ್ಲ ಎಂದವನ ಬೂಟು

ತೋವಿನಕೆರೆ ಪಕ್ಕದ ಹಟ್ಟಿ,
ಕೊರಟಗೆರೆ ತಾಲ್ಲೂಕು
23-11-1987, ಸೋಮವಾರ

ನನ್ನ ಪ್ರೀತಿಯ ಮಿಲಿಟರಿಯವರಿಗೆ,

ನಿಮ್ಮ ಹಲ್ಲುನೋವು ಹೇಗಿದೆ? ಹೋದ ಕಾಗದದಲ್ಲಿ ಅದರ ಮಾತೇ ಎತ್ತಿರಲಿಲ್ಲ, ಅಂದರೆ ಇನ್ನೂ ನೋಯುತ್ತಿದೆ ಎಂದೇ ಅರ್ಥ. ಡಾಕ್ಟರಿಗೆ ತೋರಿಸಿ. ಫಿರೋಜಪುರದಲ್ಲಿ ಚಳಿ ಹಿಡಿದಿರಬೇಕು, ನಮ್ಮ ಕಂಬಳಿ ಹೊದೆಯಿರಿ, ಜೊತೆಯವರು ನಗುತ್ತಾರೆಂದು ಟ್ರಂಕಿನಲ್ಲಿ ಬಚ್ಚಿಡಬೇಡಿ. ನಿಮ್ಮ ಮಗಳು ಗಂಗ ದಿನಾ ನಿಮ್ಮ ಫೋಟೋಗೆ ಸೆಲ್ಯೂಟ್ ಹೊಡೆದೇ ಹಾಲು ಕುಡಿಯುವುದು. ಅತ್ತೆ ಗಟ್ಟಿಯಾಗಿದ್ದಾರೆ, ಸಂಕ್ರಾಂತಿಯ ದೇವರ ಆರತಿಗೆ ಈ ವರ್ಷವೂ ಹೆಂಗಸರಲ್ಲಿ ಮುಂದಾಳು ಅವರೇ. ನನಗೆ ಏಳು ತಿಂಗಳು ತುಂಬುತ್ತಾ ಬಂತು. ಹಟ್ಟಿಯ ಗೌಡರು, ನಿಮ್ಮ ಮೂಡಲಗಿರಿಯಪ್ಪ ಮಾವ, ಮೊನ್ನೆ ಬೇಲಿಯಾಚೆಯ ಬಾಣಂತಿ ಗುಡಿಸಲಿಗೆ ಹೊಸ ಗರಿ ಹೊದಿಸಿದರು. ಯಾರಿಗೆ ಎಂದು ಹೇಳಬೇಕಾಗಿಲ್ಲ. ಹೆತ್ತವಳು ಸೂತಕ ಕಳೆಯುವ ತನಕ ಹಟ್ಟಿಯ ಬೇಲಿಯೊಳಗೆ ಕಾಲಿಡಬಾರದೆಂಬ ಕಟ್ಟು ನಮ್ಮ ತಾತಂದಿರ ಕಾಲದ್ದು. ಗಂಗ ಹುಟ್ಟಿದಾಗ ಅದೇ ಗುಡಿಸಲಿನಲ್ಲಿ ಥಂಡಿಗೆ ಅವಳ ತುಟಿ ನೀಲಿಗಟ್ಟಿ, ಕೊರಟಗೆರೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದನ್ನು ನಿಮಗೆ ಬರೆದಿದ್ದೆ. ಈ ಸಲದ ಹೆರಿಗೆಯೂ ಚಳಿಗೇ ಬರುತ್ತದೆ. ನನಗೆ ಹೆದರಿಕೆಯಾಗಿದೆ, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಈಗ ಸುದ್ದಿ. ನಮ್ಮ ಹಟ್ಟಿಗೆ ಅಮೆರಿಕದವರೊಬ್ಬರು ಬಂದಿದ್ದರು. ನಗಬೇಡಿ, ನಿಜ. ಹೆಂಗಸರೂ ಮಂಡಲ ಪಂಚಾಯ್ತಿಗೆ ಗೆದ್ದು ಬಂದಿದ್ದಾರಂತೆ, ಹೇಗೆ ನಡೆಸುತ್ತಾರೆ ನೋಡೋಣ ಎಂದು ಅಲ್ಲಿಯ ಒಂದು ರಾಜ್ಯದ ಶಾಸಕರು ಬಂದರು. ನೋಡುವುದಕ್ಕೆ ಸಿಕ್ಕ ಹೆಂಗಸು ನಿಮ್ಮ ಹೆಂಡತಿ. ಆ ಆಳನ್ನು ನೀವು ನೋಡಬೇಕಿತ್ತು. ಜೀಪಿನಿಂದ ಇಳಿದಾಗ ಜೀಪು ಒಂದು ಗೇಣು ಮೇಲೆದ್ದಿತು. ಕಪ್ಪು ಮೈ, ನರೆತ ತಲೆ, ನಮ್ಮ ಬಾಗಿಲು ಅವರ ಎದೆಮಟ್ಟಕ್ಕೆ. ಶಾಸಕರಾಗುವ ಮೊದಲು ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದರಂತೆ. ಹೆಸರಿಗೆ ಫುಟ್‌ಬಾಲ್, ಕಾಲಲ್ಲಿ ಒದೆಯುವುದು ಕಡಿಮೆ; ಉದ್ದನೆಯ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವುದು, ಎದುರಿನವರು ಮೈಮೇಲೆ ಬೀಳುವುದು. ನಮ್ಮ ಕಬಡ್ಡಿಗೆ ಗೂಳಿಗಳನ್ನು ಬಿಟ್ಟ ಹಾಗೆ ಎಂದುಕೊಳ್ಳಿ. ಇವರಿಗೆ ಚೆಂಡು ಮುಟ್ಟುವ ಕೆಲಸವೂ ಇಲ್ಲ, ಚೆಂಡು ಹಿಡಿದ ತಮ್ಮವನನ್ನು ಕಾಯಲು ಅಡ್ಡ ನಿಂತು ಪೆಟ್ಟು ತಿನ್ನುವುದೇ ಕಸುಬು.

ಇಷ್ಟು ದೊಡ್ಡ ಆಟಗಾರ ಬರುತ್ತಾನೆಂದು ನಮ್ಮ ಮಂಡಲದ ಪ್ರಧಾನ ಪರ್ವತಯ್ಯನವರು ಗುಡಿಯ ಮುಂದಿನ ಕಲ್ಲುಗುಂಡನ್ನು ತೊಳೆಸಿ ಕುಂಕುಮ ಹಚ್ಚಿಸಿದ್ದರು. ಎತ್ತಿ ತೋರಿಸುತ್ತಾರೆ ಎಂದು ಸುತ್ತಲಿನ ಊರವರೆಲ್ಲ ಸೇರಿದ್ದರು. ಆದರೆ ಬೇಲಿಯ ಬಾಗಿಲಲ್ಲೇ ತೊಡಕಾಯಿತು. ಒಳಗೆ ಕೆರ ಮೆಟ್ಟುವಂತಿಲ್ಲವಲ್ಲ, ಅವರ ಕಾಲಲ್ಲಿ ಮೊಣಕಾಲ ಕೆಳಗಿನವರೆಗೂ ದಾರ ಕಟ್ಟಿದ ಬೂಟು. ಬಗ್ಗಲು ಹೋದರು, ಆಗಲಿಲ್ಲ. ಆಡಿ ಆಡಿ ಎರಡೂ ಮಂಡಿ ಹೋಗಿವೆ, ಬೆಳಗ್ಗೆ ಬೂಟು ಹಾಕುವುದಕ್ಕೂ ಹೆಂಡತಿ ಬೇಕು ಎಂದು ಜೊತೆಗೆ ಬಂದಿದ್ದ ಬೆಂಗಳೂರಿನ ದುಭಾಷಿ ಹೆಂಗಸು ಹೇಳಿದರು. ಗುಂಡು ಎತ್ತುವ ಮಾತು ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿ ನಿಮ್ಮವ್ವ ಹೋಗಿ ಆ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ದಾರಕ್ಕೆ ಕೈ ಹಾಕಿದರು. ಅವರು ಬೇಡ ಬೇಡ ಎಂದು ಹಿಂದೆ ಸರಿದರೆ, "ಸುಮ್ಕೆ ನಿಂತ್ಕಳಪ್ಪ, ನನ್ ಮಗಂದೂ ಇಂತದೇ ಬೂಟು, ರಜಕ್ ಬಂದಾಗ ನಾನೇ ಬಿಚ್ಚಾದು" ಅಂದರು. ಅಷ್ಟು ದೊಡ್ಡ ಮನುಷ್ಯ ಕಣ್ಣು ತುಂಬಿಕೊಂಡು ನಿಂತುಬಿಟ್ಟರು. ನನಗೂ ನೀವು ನೆನಪಾದಿರಿ.

ಆಮೇಲೆ ಗುಡಿಯ ಕಟ್ಟೆಯ ಮೇಲೆ ಕೂತು, ಪಂಚಾಯ್ತಿಯಲ್ಲಿ ನೀವು ಏನು ಮಾತಾಡಿದ್ದೀರಿ ಎಂದು ನನ್ನನ್ನೇ ಕೇಳಿದರು. ಏನಂತ ಹೇಳಲಿ? ಮೀಟಿಂಗಿನಲ್ಲಿ ಕಾಫಿ ಕುಡಿದು ಸಹಿ ಹಾಕಿ ಬರುತ್ತೇನೆ ಎಂದೇ ಹೇಳಿದೆ. ಅವರು ನಗಲಿಲ್ಲ. ತಾವೂ ಆಟದ ಕಾಲದಲ್ಲಿ ಬಾಯಿ ಬಿಟ್ಟವರಲ್ಲವಂತೆ. ಒಂದು ಸಲ ದೊಡ್ಡ ಪಂದ್ಯಕ್ಕೆಂದು ಒಂದು ಊರಿಗೆ ಹೋದರೆ, ಕರಿಯರೆಂದು ಬಾಡಿಗೆ ಕಾರಿನವರು ಹತ್ತಿಸಿಕೊಳ್ಳಲಿಲ್ಲ, ಹೋಟೆಲಿನವರು ಬಾಗಿಲಲ್ಲೇ ತಡೆದರು. ಮೈದಾನದಲ್ಲಿ ಚಪ್ಪಾಳೆ ತಟ್ಟುವವರೂ ಅದೇ ಜನ. ಆಗ ಕರಿಯ ಆಟಗಾರರೆಲ್ಲ ಒಂದು ಕೋಣೆಯಲ್ಲಿ ಸೇರಿ, ಈ ಊರಿನಲ್ಲಿ ನಾವು ಆಡುವುದಿಲ್ಲ ಎಂದು ಕೂತುಬಿಟ್ಟರಂತೆ. ಬೈಗುಳವಿಲ್ಲ, ಕಲ್ಲಿಲ್ಲ, ಬರೀ ಆಡುವುದಿಲ್ಲ. ಬಿಳಿಯ ಆಟಗಾರರಲ್ಲೂ ಕೆಲವರು ಜೊತೆಗೂಡಿದರು. ಕೊನೆಗೆ ಪಂದ್ಯವನ್ನೇ ಎತ್ತಿ ಬೇರೆ ಊರಿಗೆ ಒಯ್ದರು. ಆ ತೋಳುಗಳನ್ನು ಇಟ್ಟುಕೊಂಡು ಏನು ಬೇಕಾದರೂ ಮುರಿಯಬಹುದಿತ್ತು, ಅವರು ಸುಮ್ಮನೆ ಕೂತು ಗೆದ್ದಿದ್ದರು.

ಅತ್ತೆಗೆ ಮಾತ್ರ ಅನುಮಾನ. "ಆಡ್ದಿದ್ರೆ ಹೊಟ್ಟೆಗೆ ಹೆಂಗೆ ಅಂತ ಭಯ ಆಗ್ಲಿಲ್ವಂತಾ, ಕೇಳಮ್ಮ" ಎಂದು ದುಭಾಷಿಗೆ ಹೇಳಿದರು. ತುಂಬಾ ಭಯವಾಗಿತ್ತು, ಆದರೆ ನಾವಿಲ್ಲದೆ ಆಟವೇ ಇಲ್ಲ ಎಂದು ಗೊತ್ತಾಗಿದ್ದೂ ಅವತ್ತೇ ಎಂದರು ಅವರು. ಅತ್ತೆ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿಸಿಕೊಂಡರು. ಹೊರಡುವಾಗ ಬೂಟಿನ ದಾರ ಕಟ್ಟಿದ್ದೂ ಅವರೇ, ನಿಮಗೆ ಕಟ್ಟುವ ಹಾಗೇ ಎರಡು ಗಂಟು.

ಇಲ್ಲಿಗೆ ನಿಲ್ಲಿಸುತ್ತೇನೆ, ಅಂಚೆಯವನು ಮರದಡಿ ಬೀಡಿ ಸೇದುತ್ತಾ ಕಾಯುತ್ತಿದ್ದಾನೆ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ನಿಮ್ಮ
ಕ್ಯಾತಮ್ಮ
(ಮಂಡಲ ಪಂಚಾಯ್ತಿ ಸದಸ್ಯೆ, ಮರೆಯಬೇಡಿ)

ಮರೆತಿದ್ದೆ: ಮರೆತಿದ್ದೆ ಎಂಬುದು ಸುಳ್ಳು, ಬರೆಯಲು ಕೈ ಏಳಲಿಲ್ಲ. ನಿನ್ನೆ ಮೂಡಲಗಿರಿಯಪ್ಪ ಮಾವ ಆರತಿಯ ಮಾತಿಗೆ ಮನೆಗೆ ಬಂದಿದ್ದರು. ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು, "ಸೊಸೆ ಹೆತ್ಮೇಲೆ ಒಳ್ಗೇ ಇರ್ತಾಳೆ ಕಣಣ್ಣ. ಆಗಕಿಲ್ಲ ಅಂದ್ರೆ ಈ ಸಲ ಆರತಿ ಎತ್ತಾಕೆ ಒಬ್ ಹೆಂಗ್ಸೂ ಬರಾಕಿಲ್ಲ. ನಾವೂ ಆಡಾಕಿಲ್ಲ" ಅಂದುಬಿಟ್ಟರು. ಆ ಗುಡಿಸಲಿನಲ್ಲಿ ನಿಮ್ಮನ್ನೂ ನಿಮ್ಮ ತಂಗಿಯನ್ನೂ ಹೆತ್ತವರು ಅವರು. ಸಂಜೆಯೊಳಗೆ ಅವರೇ ಮನೆಮನೆ ಸುತ್ತಿ ಹೆಂಗಸರನ್ನೆಲ್ಲ ಒಪ್ಪಿಸಿ ಬಂದರು. ಹುಣ್ಣಿಮೆ ಕಳೆದ ಮೇಲೆ ಕಟ್ಟೆಯ ಮೇಲೆ ನ್ಯಾಯ ಸೇರುತ್ತದೆ. ಮಿಲಿಟರಿಯವನ ಮಾತೇನು ಎಂದು ಗೌಡರು ಕೇಳಿದ್ದಕ್ಕೆ, "ನನ್ ಮಗ ನಮ್ ಕಡೇನೇ" ಎಂದು ನಿಮ್ಮನ್ನು ಕೇಳದೆಯೇ ಹೇಳಿದ್ದಾರೆ. ಕೂಡಲೇ ತಂತಿ ಕೊಡಿ. ಬೂಟು ಬಿಚ್ಚಿದ ಕೈಯವರ ಮಾತನ್ನು ಸುಳ್ಳು ಮಾಡಬೇಡಿ.